ಅಂತರ್ಜಾಲದ ಜೂಜಿಗೆ ಬೀಗ ಬಿದ್ದ ಮೇಲೆ



ಹಣವನ್ನು ಪಣವಾಗಿ ಒಡ್ಡಿ ಅಂತರ್ಜಾಲದಲ್ಲಿ ಆಡುವ ಆಟಗಳನ್ನು ನಿಷೇಧಿಸುವ ಮಸೂದೆಯನ್ನು 2025ರ ಆಗಸ್ಟ್ 20ರಂದು ಲೋಕಸಭೆಯೂ ಮರುದಿನ ರಾಜ್ಯಸಭೆಯೂ ಅಂಗೀಕರಿಸಿದವು. 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿದ್ದಿತು. ರಮ್ಮಿಯಾಗಲಿ, ಪೋಕರ್ ಆಗಲಿ, ಬುದ್ಧಿಕೌಶಲದ ಆಟವೆಂದು ಹೇಳಿಕೊಂಡರೂ ಅದೃಷ್ಟದ ಆಟವೆಂದು ಒಪ್ಪಿಕೊಂಡರೂ, ಹಣ ಕಟ್ಟಿ ಹಣ ಗೆಲ್ಲುವ ವ್ಯವಹಾರ ಅಂತರ್ಜಾಲದಲ್ಲಿ ಕೂಡದೆಂಬುದು ಆ ಕಾನೂನಿನ ಸಾರ. ಆಡಿಸುವವರಿಗೆ 3 ವರ್ಷದವರೆಗೆ ಸೆರೆವಾಸ, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಡುವವರಿಗೆ 2 ವರ್ಷ, 50 ಲಕ್ಷ. ಆಡುವವನಿಗೆ ಮಾತ್ರ ಶಿಕ್ಷೆಯಿಲ್ಲ. ಅವನನ್ನು ಅಪರಾಧಿಯೆಂದಲ್ಲದೆ ವಂಚಿತನೆಂದು ಕಾನೂನು ಕಂಡಿದೆ. ಹೆಸರುವಾಸಿಯಾದ ಕಂಪನಿಗಳು ಕೆಲವೇ ದಿನಗಳಲ್ಲಿ ಹಣದ ಆಟಗಳನ್ನು ನಿಲ್ಲಿಸಿದವು. ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲಿದ್ದ ಅಂಥದೊಂದು ಕಂಪನಿಯ ಹೆಸರು ಕೂಡ ಅಳಿಸಿಹೋಯಿತು.

ನಮ್ಮ ಕುಟುಂಬಗಳ ತಾಯಂದಿರು ಈ ಸುದ್ದಿಯಿಂದ ನಿಟ್ಟುಸಿರು ಬಿಟ್ಟದ್ದು ಸಹಜವೇ. ರಾತ್ರಿ ಹೊದಿಕೆಯೊಳಗೆ ಬೆಳಗುವ ಮೊಬೈಲು, ತಿಂಗಳ ಮೊದಲ ವಾರದಲ್ಲೇ ಕರಗಿಹೋಗುವ ಸಂಬಳ, ಯಾರಿಗೂ ಹೇಳದೆ ಮಾಡಿದ ಸಾಲ, ಇವು ಯಾವ ಜಾತಿ ಮತವನ್ನೂ ಬಿಟ್ಟಿಲ್ಲ, ನಮ್ಮವರನ್ನೂ ಬಿಟ್ಟಿಲ್ಲ. ಆದರೆ ಹಿರಿಯರ ಬಾಯಲ್ಲಿ ಬೇರೊಂದು ಮಾತು ಕೇಳಿಬರುತ್ತಿದೆ: “ಮನೆಯೊಳಗೆ ಕುಳಿತು ಕಳೆಯುತ್ತಿದ್ದ. ಇನ್ನು ಹೊರಗೆ ಹೋಗಿ ಕಳೆಯುತ್ತಾನೆ. ಕ್ಲಬ್ಬಿನ ಇಸ್ಪೀಟು ಇದೆ, ಗೋವೆಯ ಹಡಗು ಇದೆ, ಬೀದಿಯ ಕೊನೆಗೆ ಹುಡುಗರು ಕೋಲು ಹಿಡಿದು ಚೆಂಡು ತಳ್ಳುವ ಪೂಲ್ ಅಂಗಡಿಯೂ ಇದೆ.” ನೀರಿಗೆ ಒಂದು ಕಡೆ ಒಡ್ಡು ಹಾಕಿದರೆ ಅದು ಇನ್ನೊಂದು ಕಡೆ ಹರಿದೇ ತೀರುತ್ತದೆಂಬ ಲೋಕಾನುಭವದ ಮಾತು ಇದು. ಜೂಜಿನ ವಿಷಯದಲ್ಲಿ ಈ ಮಾತು ಎಷ್ಟರಮಟ್ಟಿಗೆ ನಿಜ ಎಂಬುದನ್ನು ಈ ತಿಂಗಳು ವಿಚಾರಿಸೋಣವೆಂದು ನಾವು ಬಗೆದಿದ್ದೇವೆ.

ಇದಕ್ಕೆ ಊಹೆಯಿಂದ ಉತ್ತರಿಸಬೇಕಾದ ಅಗತ್ಯವಿಲ್ಲ. ಅಮೇರಿಕದಲ್ಲಿ ಅಂತರ್ಜಾಲದ ಪೋಕರಿಗೆ ಎರಡು ಸಲ ಬೀಗ ಬಿದ್ದಿದೆ, 2006ರಲ್ಲೊಮ್ಮೆ, 2011ರಲ್ಲೊಮ್ಮೆ. ನಮ್ಮ ಎಷ್ಟೋ ಮನೆಗಳ ಮಕ್ಕಳು ಅಲ್ಲಿ ನೆಲೆಸಿದ್ದಾರೆ. ಅಲ್ಲಿಯ ಸಮಾಚಾರ ನಮಗೆ ಈಗ ದೂರದ್ದಲ್ಲ. ಅಲ್ಲಿ ಏನಾಯಿತೆಂಬುದನ್ನು ನೋಡಿದರೆ ಹಿರಿಯರ ಮಾತಿನಲ್ಲಿ ಅರ್ಧ ನಿಜವಿದೆಯೆಂದು ತಿಳಿದುಬರುತ್ತದೆ. ಉಳಿದರ್ಧವೇ ಹೆಚ್ಚು ವಿಚಾರಾರ್ಹ.

ಮೊದಲು ಪೂಲ್ ಆಟದ ಮಾತು. ಹಸಿರು ಬಟ್ಟೆ ಹೊದಿಸಿದ ಮೇಜು, ಅಂಚಿನಲ್ಲಿ ಆರು ಕುಳಿಗಳು, ಹದಿನೈದು ಬಣ್ಣದ ಚೆಂಡುಗಳು, ಹೊಡೆಯಲು ಒಂದು ಬಿಳಿ ಚೆಂಡು. ಕಣ್ಣು, ಕೈ, ತಾಳ್ಮೆ ಮೂರೂ ಬೇಕಾದ ಈ ಆಟಕ್ಕೆ ಕೆಟ್ಟ ಹೆಸರು ಬಂದ ಬಗೆ ವಿಚಿತ್ರವಾಗಿದೆ. ಇಂಗ್ಲಿಷಿನಲ್ಲಿ ‘ಪೂಲ್’ ಎಂದರೆ ಎಲ್ಲರೂ ಸೇರಿ ಒಡ್ಡಿದ ಪಣದ ರಾಶಿ. ಹತ್ತೊಂಬತ್ತನೆಯ ಶತಮಾನದ ಅಮೇರಿಕದಲ್ಲಿ ಕುದುರೆ ಜೂಜಿನ ಪಣ ಕಟ್ಟಿಸಿಕೊಳ್ಳುವ ಕೊಠಡಿಗಳಿಗೆ ‘ಪೂಲ್ ರೂಮ್’ ಎಂದು ಹೆಸರಿತ್ತು. ಒಂದು ಓಟಕ್ಕೂ ಮತ್ತೊಂದಕ್ಕೂ ನಡುವೆ ಗಿರಾಕಿಗಳ ಹೊತ್ತು ಹೋಗಲೆಂದು ಅಲ್ಲಿ ಬಿಲಿಯರ್ಡ್ಸ್ ಮೇಜುಗಳನ್ನು ಇರಿಸಿದರು. ಕುದುರೆಯ ಜೂಜು ಆ ಕೊಠಡಿಗಳನ್ನು ಬಿಟ್ಟುಹೋಯಿತು, ಹೆಸರು ಮಾತ್ರ ಮೇಜಿಗೆ ಅಂಟಿಕೊಂಡಿತು. ನೆರೆಮನೆಯವನ ಸಾಲಕ್ಕೆ ನಮ್ಮ ಬಾಗಿಲು ತಟ್ಟಿದಂತೆ!

ಆದರೆ ಆಟದ ಪರವಾಗಿ ವಾದಿಸುವವರೂ ಒಂದು ಮಾತನ್ನು ಒಪ್ಪಲೇಬೇಕು. ಅಮೇರಿಕದಲ್ಲಿ ಪೂಲ್ ಆಟದ ನಿಪುಣರು ಬಹುಕಾಲ ಬದುಕಿದ್ದು ಬಹುಮಾನದ ಹಣದಿಂದಲ್ಲ, ಪಣದ ಹಣದಿಂದ. ಊರಿಂದೂರಿಗೆ ಅಲೆಯುತ್ತ, ತಮ್ಮ ಕೌಶಲವನ್ನು ಮರೆಮಾಚಿ ಮೊದಲೆರಡು ಆಟ ಸೋತು, ಎದುರಾಳಿಯ ಆಸೆ ಬೆಳೆದ ಮೇಲೆ ದೊಡ್ಡ ಪಣ ಕಟ್ಟಿಸಿ ಗೆಲ್ಲುವ ವಂಚಕ ಜಾಣರ ಒಂದು ವರ್ಗವೇ ಅಲ್ಲಿತ್ತು. 1961ರಲ್ಲಿ ತೆರೆಕಂಡ ‘ದಿ ಹಸ್ಲರ್’ ಎಂಬ ಚಲನಚಿತ್ರ ಅಂಥವನೊಬ್ಬನ ಕಥೆ. ಅದೇ ವರ್ಷ ಇಲಿನಾಯ್ ರಾಜ್ಯದ ದಕ್ಷಿಣ ತುದಿಯ ಜಾನ್‌ಸ್ಟನ್ ಸಿಟಿ ಎಂಬ ಸಣ್ಣ ಊರಿನಲ್ಲಿ ಜ್ಯಾನ್ಸ್ಕೊ ಮನೆತನದ ಸಹೋದರರು ಒಂದು ಪಂದ್ಯಾವಳಿ ಆರಂಭಿಸಿದರು. ದೇಶದ ಮೂಲೆಮೂಲೆಯಿಂದ ಆಟಗಾರರು ಅಲ್ಲಿಗೆ ಬಂದು ಸೇರುತ್ತಿದ್ದರು. ಹೆಸರಿಗೆ ಪಂದ್ಯ, ರಾತ್ರಿಯಿಡೀ ನಡೆಯುತ್ತಿದ್ದದ್ದು ಖಾಸಗಿ ಪಣದಾಟ. 1972ರಲ್ಲಿ ಕೇಂದ್ರ ಸರ್ಕಾರದ ಅಧಿಕಾರಿಗಳು ಅಲ್ಲಿ ದಾಳಿ ನಡೆಸಿದರು, ಪಂದ್ಯಾವಳಿ ಅಲ್ಲಿಗೆ ಮುಗಿಯಿತು. ಜೂಜನ್ನು ಹಿಡಿಯಲು ಹೋದವರ ಕೈಗೆ ಆಟವೂ ಸಿಕ್ಕಿತು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು; ಮುಂದೆ ಬೇರೊಂದು ರೂಪದಲ್ಲಿ ಅದೇ ನಡೆಯಿತು.

ಪೋಕರ್ ಒಂದು ಇಸ್ಪೀಟಾಟ. ಕೈಯಲ್ಲಿ ಏನಿದೆಯೆಂಬುದನ್ನು ಮುಖದ ಮೇಲೆ ತೋರಗೊಡದೆ ಪಣ ಏರಿಸುತ್ತ ಹೋಗುವುದೇ ಅದರ ಜೀವಾಳ. 2003ರವರೆಗೆ ಅದು ದೊಡ್ಡ ಆಟಗಾರರ ಸಣ್ಣ ಲೋಕವಾಗಿತ್ತು. ಲಾಸ್ ವೇಗಾಸ್ ನಗರದಲ್ಲಿ ಪ್ರತಿವರ್ಷ ನಡೆಯುವ ‘ವರ್ಲ್ಡ್ ಸೀರೀಸ್ ಆಫ್ ಪೋಕರ್’ನ ಮುಖ್ಯ ಪಂದ್ಯಕ್ಕೆ ಪ್ರವೇಶಧನವೇ 10,000 ಡಾಲರ್. ಆ ವರ್ಷ ಟೆನೆಸಿ ರಾಜ್ಯದ ಲೆಕ್ಕಪತ್ರ ನೌಕರ ಕ್ರಿಸ್ ಮನಿಮೇಕರ್ ಎಂಬಾತ ನೂರು ಡಾಲರಿಗೂ ಕಡಿಮೆ ಹಣ ಕಟ್ಟಿ, ಅಂತರ್ಜಾಲದ ಅರ್ಹತಾ ಪಂದ್ಯದಲ್ಲಿ ಗೆದ್ದು, ಆ ಪ್ರವೇಶವನ್ನು ಪಡೆದು, ಕೊನೆಗೆ ಮುಖ್ಯ ಪಂದ್ಯವನ್ನೂ ಗೆದ್ದು 25 ಲಕ್ಷ ಡಾಲರ್ ತೆಗೆದುಕೊಂಡು ಹೋದ. ಹಣ ಮಾಡುವವನೆಂಬ ಅರ್ಥ ಕೊಡುವ ಅವನ ಮನೆಹೆಸರು ನಿಜವಾದದ್ದೇ, ಪತ್ರಿಕೆಯವರು ಕಟ್ಟಿದ್ದಲ್ಲ. ಆ ಸುದ್ದಿ ಮಾಡಿದ ಅನಾಹುತವನ್ನು ಅಂಕಿಗಳೇ ಹೇಳುತ್ತವೆ. 2003ರಲ್ಲಿ ಮುಖ್ಯ ಪಂದ್ಯಕ್ಕೆ ಬಂದವರು 839 ಮಂದಿ. 2004ರಲ್ಲಿ 2,576. 2005ರಲ್ಲಿ 5,619. 2006ರಲ್ಲಿ 8,773. ಮೂರೇ ವರ್ಷಗಳಲ್ಲಿ ಹತ್ತು ಪಟ್ಟು!

ಪೂಲ್ ಕೊಠಡಿಗಳಲ್ಲಿ ಪಣಕ್ಕಾಗಿ ಕಾದಿದ್ದವರು ಇದನ್ನು ನೋಡಿ ಸುಮ್ಮನಿರುತ್ತಾರೆಯೆ? ಅನೇಕರು ಕೋಲನ್ನು ಮೂಲೆಗಿಟ್ಟು ಎಲೆ ಹಿಡಿದರು. ಈ ದಾರಿ ಮೊದಲೇ ಇತ್ತು. ಫಿಲಡೆಲ್ಫಿಯದ ಪೂಲ್ ಆಟಗಾರ ಜಾನ್ ಹೆನ್ನಿಗನ್ ಪೋಕರಿಗೆ ಹೋಗಿ ದೊಡ್ಡ ಹೆಸರು ಮಾಡಿ 2018ರಲ್ಲಿ ಪೋಕರಿನ ಗೌರವಪಟ್ಟಿಗೂ ಸೇರಿದ. ಹೀಗೆ ಆಟಗಾರರು ಹೋದಂತೆ ಅವರ ಹಿಂದೆ ಹಣ ಹೂಡುತ್ತಿದ್ದವರೂ ಹೋದರು. ಪೂಲ್ ಮಂದಿಯ ಪಾಲಿಗೆ ಅಂತರ್ಜಾಲದ ಪೋಕರ್ ಸವತಿಯಾಗಿತ್ತು ಎಂದರೂ ಸಲ್ಲುತ್ತದೆ. ಆದುದರಿಂದ 2006ರ ಅಕ್ಟೋಬರ್ 13ರಂದು ಅಧ್ಯಕ್ಷ ಬುಷ್ ಒಂದು ಕಾನೂನಿಗೆ ಸಹಿ ಹಾಕಿದಾಗ, ಸವತಿ ಮನೆ ಬಿಟ್ಟಳು, ಹೋದ ಹಣ ಮರಳಿ ಬಂದೀತು ಎಂದು ನಿರೀಕ್ಷಿಸುವುದು ಸಹಜವಾಗಿತ್ತು.

ಆ ಕಾನೂನಿನ ರಚನೆಯೂ ತಿಳಿಯತಕ್ಕದ್ದು. ಬಂದರುಗಳ ರಕ್ಷಣೆಗೆ ಸಂಬಂಧಿಸಿದ ಬೇರೊಂದು ಮಸೂದೆಯ ಬಾಲಕ್ಕೆ ಅದನ್ನು ಕಟ್ಟಿ ಪಾಸು ಮಾಡಿಸಿದ್ದರು. ಅದು ಆಡುವವನನ್ನು ಮುಟ್ಟಲಿಲ್ಲ. ಅಕ್ರಮ ಜೂಜಿನ ಕಂಪನಿಗಳು ಬ್ಯಾಂಕು, ಕಾರ್ಡುಗಳ ಮೂಲಕ ಹಣ ಪಡೆಯುವುದನ್ನು ತಡೆಯಿತು. ಬಾಯಿಗೆ ಬೀಗ ಹಾಕದೆ ಗಂಟಲಿಗೆ ಕೈ ಹಾಕಿದ ಉಪಾಯ.

ಪೂಲ್ ಆಟಕ್ಕೆ ಇದರಿಂದ ಏನಾಯಿತು? ಇಲ್ಲಿ ಫಿಲಿಪೀನ್ಸ್ ದೇಶದ ಎಫ್ರೆನ್ ರೇಯಿಸ್ ಎಂಬ ಮಹಾನ್ ಆಟಗಾರನ ಕಥೆ ಹೇಳಲೇಬೇಕು. ಬಡತನದಲ್ಲಿ ಹುಟ್ಟಿ, ಮನಿಲಾ ನಗರದಲ್ಲಿ ಬಂಧುವೊಬ್ಬನ ಪೂಲ್ ಅಂಗಡಿಯಲ್ಲಿ ಕೆಲಸ ಮಾಡುತ್ತ, ರಾತ್ರಿ ಆ ಮೇಜುಗಳ ಮೇಲೆಯೇ ಮಲಗಿ ಬೆಳೆದವನು. ಲೋಕ ಅವನನ್ನು ‘ಮಾಂತ್ರಿಕ’ ಎಂದು ಕರೆಯುತ್ತದೆ. ಅಮೇರಿಕದ ಉದ್ಯಮಿ ಕೆವಿನ್ ಟ್ರುಡೋ ಎಂಬಾತ ‘ಇಂಟರ್‌ನ್ಯಾಷನಲ್ ಪೂಲ್ ಟೂರ್’ ಎಂಬ ಸಂಸ್ಥೆ ಕಟ್ಟಿ, ಪೂಲ್ ಆಟ ಹಿಂದೆಂದೂ ಕಾಣದಂಥ ಬಹುಮಾನಗಳನ್ನು ಘೋಷಿಸಿದ್ದ. 2006ರ ಸೆಪ್ಟೆಂಬರಿನಲ್ಲಿ ನೆವಾಡಾದ ರೀನೋ ನಗರದಲ್ಲಿ ನಡೆದ ಅದರ ಪಂದ್ಯದಲ್ಲಿ ರೇಯಿಸ್ ಗೆದ್ದ. ಬಹುಮಾನ 5 ಲಕ್ಷ ಡಾಲರ್. ಪಣವಿಲ್ಲದೆ, ಕತ್ತಲ ಕೋಣೆಯಿಲ್ಲದೆ, ದೀಪದ ಬೆಳಕಿನಲ್ಲಿ, ಜನರೆದುರು ಗೆದ್ದ ಹಣ. ಅದು ಹೊತ್ತಿಗೆ ಸರಿಯಾಗಿ ಅವನ ಕೈ ಸೇರಲಿಲ್ಲ. ಅವನೊಬ್ಬನಿಗಲ್ಲ, ಆ ಪಂದ್ಯದಲ್ಲಿ ಗೆದ್ದ ಇತರರಿಗೂ ಹಾಗೆಯೇ. ಅಂತರ್ಜಾಲದ ಜೂಜಿನ ವ್ಯವಹಾರದಲ್ಲಿದ್ದ ಕಂಪನಿಯೊಂದು ಟೂರನ್ನು ಕೊಂಡುಕೊಳ್ಳುವ ಮಾತುಕತೆ ನಡೆದಿತ್ತು. ಅಕ್ಟೋಬರಿನ ಕಾನೂನಿನಿಂದ ಆ ವ್ಯವಹಾರ ಮುರಿದುಬಿತ್ತು. ಆದುದರಿಂದ ಬಹುಮಾನವನ್ನು ಕಂತುಗಳಲ್ಲಿ ಕೊಡಲಾಗುವುದೆಂದು ಟೂರಿನವರು ತಿಳಿಸಿದರು. ಆ ವೈಭವದ ಟೂರು ಅಲ್ಲಿಗೆ ಕುಸಿಯಿತು. ಹದಿನೆಂಟು ವರ್ಷಗಳ ಮೇಲೆ, 2024ರಲ್ಲಿ, ಜೆಡ್ಡಾದಲ್ಲಿ ನಡೆದ ವಿಶ್ವ ಪೂಲ್ ಚಾಂಪಿಯನ್‌ಷಿಪ್ಪಿನ ಮೊದಲ ಬಹುಮಾನ ಕೂಡ ಎರಡೂವರೆ ಲಕ್ಷ ಡಾಲರ್. ರೇಯಿಸನಿಗೆ ಘೋಷಿಸಿದ್ದರ ಅರ್ಧ.

ಕಾನೂನಿನ ನೆಪ ಹೇಳಿದವರ ಮಾತನ್ನೆಲ್ಲ ನಾವು ಪೂರ್ತಿ ನಂಬಬೇಕಾಗಿಲ್ಲ. ಕೈಯಲ್ಲಿಲ್ಲದ ಹಣವನ್ನು ಬಹುಮಾನವೆಂದು ಸಾರಿದ್ದು ಕಾನೂನಿನ ತಪ್ಪಲ್ಲ. ಆದರೆ ಇದರಿಂದ ಒಂದು ಸಂಗತಿ ಸ್ಪಷ್ಟವಾಯಿತು. ಪೂಲ್ ಮಂದಿ ಸವತಿಯೆಂದು ಭಾವಿಸಿದ್ದ ಅಂತರ್ಜಾಲದ ಜೂಜೇ ಅವರ ಹೊಸ ಮನೆಗೆ ಅಡಿಪಾಯವಾಗಬೇಕಾಗಿತ್ತು. ಅಡಿಪಾಯ ಕಿತ್ತಾಗ ಮನೆ ಉಳಿಯಲಿಲ್ಲ.

ಇನ್ನು ಮೇಜಿನ ಪೋಕರ್, ಎಂದರೆ ಎದುರುಬದುರು ಕುಳಿತು ಆಡುವ ಜೂಜಿನ ಸಂಗತಿ. ಅಂತರ್ಜಾಲ ಮುಚ್ಚಿದರೆ ಲಾಸ್ ವೇಗಾಸಿನ ಮೇಜುಗಳು ತುಂಬಿ ತುಳುಕಬೇಕಾಗಿತ್ತಲ್ಲವೆ? ಮೊದಲ ವರ್ಷ ಸ್ವಲ್ಪ ಹಾಗೆಯೇ ತೋರಿತು. ನೆವಾಡಾದ ಜೂಜುಗೃಹಗಳು ಪೋಕರಿನಿಂದ ಪಡೆದ ಆದಾಯ 2007ರಲ್ಲಿ ಶಿಖರ ಮುಟ್ಟಿತು. ಅನಂತರ ಹಲವು ವರ್ಷ ಇಳಿಯುತ್ತ ಬಂದಿತು. 2008ರ ಆರ್ಥಿಕ ಕುಸಿತವೂ ಅದಕ್ಕೆ ಕಾರಣವೆಂಬುದನ್ನು ಮರೆಯಬಾರದು. ಆದರೆ ಕುಸಿತಕ್ಕೆ ಮೊದಲೇ, 2007ರ ಬೇಸಿಗೆಯಲ್ಲೇ, ನಾವು ಮೇಲೆ ಹೇಳಿದ ಮುಖ್ಯ ಪಂದ್ಯಕ್ಕೆ ಬಂದವರ ಸಂಖ್ಯೆ 8,773ರಿಂದ 6,358ಕ್ಕೆ ಇಳಿದಿತ್ತು. ಅಂತರ್ಜಾಲದ ಕಂಪನಿಗಳು ಸಗಟಾಗಿ ಹೆಸರು ನೋಂದಾಯಿಸಿ ಕಳುಹಿಸುವುದನ್ನು ಪಂದ್ಯದವರು ಆ ವರ್ಷ ಒಪ್ಪಿಕೊಳ್ಳಲಿಲ್ಲ. 2011ರ ಎರಡನೆಯ ಬೀಗದ ಮೇಲೂ ಹೀಗೆಯೇ: 2010ರಲ್ಲಿ 7,319, 2011ರಲ್ಲಿ 6,865, 2012ರಲ್ಲಿ 6,598.

ಈ ಅಂಕಿಗಳನ್ನು ನಾವು ಹೀಗೆ ಅರ್ಥಮಾಡಿಕೊಂಡಿದ್ದೇವೆ. ಮೊದಲೇ ಜೂಜಿಗೆ ಬಿದ್ದವನು ಇನ್ನೊಂದು ಬಾಗಿಲು ಹುಡುಕಿಕೊಂಡು ಹೋಗುತ್ತಾನೆ. ಹಿರಿಯರ ಮಾತು ಅವನ ಮಟ್ಟಿಗೆ ನಿಜ. ಆದರೆ ಹೊಸಬ ಬರುವುದಿಲ್ಲ. ಹತ್ತು ರೂಪಾಯಿಯಿಂದ ಆರಂಭಿಸಿ, ಮನೆಯ ಜಗಲಿಯಲ್ಲಿ ಕುಳಿತು, ಯಾರ ಕಣ್ಣಿಗೂ ಬೀಳದೆ ಕಲಿಯುವ ಅವಕಾಶ ತಪ್ಪಿದ ಮೇಲೆ ಅವನು ಬಸ್ಸು ಹತ್ತಿ ಜೂಜುಕಟ್ಟೆಯ ಮೆಟ್ಟಿಲು ತುಳಿಯುವುದು ಅಪರೂಪ. ಅಂತರ್ಜಾಲ ಮತ್ತು ಮೇಜು ಒಂದೇ ಬಾವಿಯ ಎರಡು ಕೊಡಗಳಾಗಿರಲಿಲ್ಲ. ಒಂದು ಇನ್ನೊಂದಕ್ಕೆ ನೀರು ತರುವ ಕಾಲುವೆಯಾಗಿತ್ತು.

ವೇಗದ ಮಾತೂ ಇದೆ. ಮೇಜಿನ ಮುಂದೆ ಎಲೆ ಕಲಸಿ ಹಂಚಿ ಪಣ ಎಣಿಸಿ ಮುಗಿಸುವಷ್ಟರಲ್ಲಿ ಗಂಟೆಗೆ ಸುಮಾರು ಮೂವತ್ತು ಆಟಗಳಾಗುತ್ತವೆ. ಪರದೆಯ ಮೇಲೆ ಅದರ ಎರಡು ಪಟ್ಟಿಗೂ ಹೆಚ್ಚು. ಅದೂ ಒಂದು ಮೇಜಿನಲ್ಲಿ. ಪಳಗಿದವರು ಏಕಕಾಲಕ್ಕೆ ಎಂಟು ಹತ್ತು ಮೇಜುಗಳನ್ನು ತೆರೆದಿಟ್ಟುಕೊಳ್ಳುತ್ತಿದ್ದರು. ಒಂದು ರಾತ್ರಿಯಲ್ಲಿ ಒಂದು ವರ್ಷದ ಜೂಜು! ಮೇಜಿನ ಜೂಜಿಗೆ ಹೋಗಲು ಬಟ್ಟೆ ಹಾಕಿಕೊಳ್ಳಬೇಕು, ಮನೆಯವರಿಗೆ ಒಂದು ಸುಳ್ಳು ಹೇಳಬೇಕು, ಹಾದಿಯಲ್ಲಿ ಎದುರಾದ ನೆಂಟನಿಗೆ ಇನ್ನೊಂದು ಸುಳ್ಳು ಹೇಳಬೇಕು. ಈ ಅಡ್ಡಿಗಳೇ ಎಷ್ಟೋ ಜನರನ್ನು ಕಾಯುತ್ತವೆ. ಮೊಬೈಲು ಆ ಅಡ್ಡಿಗಳನ್ನೆಲ್ಲ ತೆಗೆದುಹಾಕಿತ್ತು.

ಬೀಗ ಬಿದ್ದಾಗ ಯಾರು ಹೋದರು, ಯಾರು ಉಳಿದರು ಎಂಬುದು ಈ ಕಥೆಯಲ್ಲಿ ಎಲ್ಲಕ್ಕಿಂತ ನೋವಿನ ಭಾಗ. 2006ರಲ್ಲಿ ಲಂಡನ್ ಷೇರುಪೇಟೆಯಲ್ಲಿದ್ದ ‘ಪಾರ್ಟಿಗೇಮಿಂಗ್’ ಎಂಬ ಕಂಪನಿ ಅಮೇರಿಕದ ವ್ಯವಹಾರವನ್ನು ಬಿಟ್ಟುಕೊಟ್ಟಿತು. ಒಂದೇ ದಿನ ಅದರ ಷೇರಿನ ಬೆಲೆ ಅರ್ಧಕ್ಕಿಂತ ಕೆಳಗಿಳಿಯಿತು. ಲೆಕ್ಕ ಕೊಡಬೇಕಾದವರು ಹೊರಟರು. ಖಾಸಗಿಯಾಗಿದ್ದ ಕೆಲವು ಕಂಪನಿಗಳು ಕಾನೂನು ತಮಗೆ ಅನ್ವಯಿಸುವುದಿಲ್ಲವೆಂದು ಉಳಿದುಕೊಂಡು ಅವರ ಗಿರಾಕಿಗಳನ್ನು ಪಡೆದವು. ಹೀಗೆ ಉಳಿದ ‘ಅಬ್ಸಲ್ಯೂಟ್ ಪೋಕರ್’ ಮತ್ತು ‘ಅಲ್ಟಿಮೇಟ್‌ಬೆಟ್’ ತಾಣಗಳಲ್ಲಿ ಒಳಗಿನವರೇ ಎದುರಾಳಿಗಳ ಎಲೆಗಳನ್ನು ಕದ್ದು ನೋಡಿ ಆಡುತ್ತಿದ್ದ ಮೋಸ 2007, 2008ರಲ್ಲಿ ಬಯಲಾಯಿತು. ಆಮೇಲೆ 2011ರ ಏಪ್ರಿಲ್ 15, ಶುಕ್ರವಾರ. ಅಮೇರಿಕದ ನ್ಯಾಯ ಇಲಾಖೆ ಈ ಎರಡರ ಜೊತೆಗೆ ‘ಪೋಕರ್‌ಸ್ಟಾರ್ಸ್’, ‘ಫುಲ್ ಟಿಲ್ಟ್’ ಎಂಬ ದೊಡ್ಡ ತಾಣಗಳನ್ನೂ ವಶಪಡಿಸಿಕೊಂಡು ಹನ್ನೊಂದು ಮಂದಿಯ ಮೇಲೆ ಮೊಕದ್ದಮೆ ಹೂಡಿತು. ಆಟಗಾರರು ಅದನ್ನು ‘ಕರಾಳ ಶುಕ್ರವಾರ’ ಎಂದು ಕರೆದರು. ಪೋಕರ್‌ಸ್ಟಾರ್ಸ್ ತನ್ನ ಅಮೇರಿಕದ ಆಟಗಾರರ ಠೇವಣಿಯನ್ನು ಬೇಗನೆ ಹಿಂದಿರುಗಿಸಿತು. ಫುಲ್ ಟಿಲ್ಟ್‌ಗೆ ಅದು ಸಾಧ್ಯವಾಗಲಿಲ್ಲ, ಏಕೆಂದರೆ ಆಟಗಾರರ ಹಣವನ್ನು ಅದು ಬೇರೆಯಾಗಿ ಇಟ್ಟಿರಲೇ ಇಲ್ಲ. ಮುಂದೆ 2012ರಲ್ಲಿ 73 ಕೋಟಿ 10 ಲಕ್ಷ ಡಾಲರಿನ ರಾಜಿಯಾಗಿ, ಅಲ್ಲಿಯ ಆಟಗಾರರಿಗೆ ಹಣ ಮರಳತೊಡಗಿದ್ದು 2014ರಲ್ಲಿ. ಮೂರು ವರ್ಷದ ಮೇಲೆ!

ನಮ್ಮ ಮನೆಗಳಿಗೆ ಇದರಲ್ಲಿ ನೇರವಾದ ಸೂಚನೆಯಿದೆ. ನಿಷೇಧದ ಮೇಲೆಯೂ “ನಮ್ಮಲ್ಲಿ ಆಡಬಹುದು” ಎಂದು ಸಂದೇಶ ಕಳುಹಿಸುವವನು, ಪರದೇಶದಲ್ಲಿ ಎಲ್ಲಿಯೋ ಕುಳಿತು ಇನ್ನೊಬ್ಬರ ಬ್ಯಾಂಕು ಖಾತೆಗೆ ಹಣ ಹಾಕಿಸಿಕೊಳ್ಳುವವನು, ಮೊದಲಿದ್ದವನಿಗಿಂತ ಕೆಟ್ಟವನೇ ಆಗಿರುತ್ತಾನೆ. ಮೊದಲಿನವನು ತೆರಿಗೆ ಕಟ್ಟುತ್ತಿದ್ದ, ಅವನ ಮೇಲೆ ದೂರು ಕೊಡಬಹುದಾಗಿತ್ತು. ಇವನ ಮೇಲೆ ದೂರು ಕೊಡಲು ವಿಳಾಸವೇ ಇಲ್ಲ.

ನಮ್ಮ ನಾಡಿಗೂ ಇಂಥ ಬೀಗಗಳು ಹೊಸತಲ್ಲ. 2007ರಲ್ಲಿ ಕರ್ನಾಟಕ ಲಾಟರಿಯನ್ನು ನಿಷೇಧಿಸಿತು. ಬಸ್ ನಿಲ್ದಾಣಗಳಲ್ಲಿ ಚೀಟಿ ಹಿಡಿದು ಕೂಗುವ ದನಿಗಳು ಅಡಗಿದವು. ಓ.ಸಿ., ಮಟ್ಕಾ ಬರೆಯುವವರು ಮಾತ್ರ ಅಳಿಯಲಿಲ್ಲ. 2021ರ ಅಕ್ಟೋಬರಿನಲ್ಲಿ ರಾಜ್ಯವೇ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಅಂತರ್ಜಾಲದ ಹಣದಾಟವನ್ನು ನಿಷೇಧಿಸಿತ್ತು. ವಿನೋದವೆಂದರೆ ಕುದುರೆ ಓಟದ ಪಣಕ್ಕೆ ಅದರಲ್ಲಿ ವಿನಾಯಿತಿ! 2022ರ ಫೆಬ್ರವರಿ 14ರಂದು ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು, ಕೌಶಲದ ಆಟವನ್ನು ಜೂಜೆನ್ನಲಾಗದೆಂಬ ಕಾರಣದಿಂದ. 2025ರ ಕೇಂದ್ರದ ಕಾನೂನನ್ನೂ ಕೆಲವು ಕಂಪನಿಗಳು ಬೇರೆ ಬೇರೆ ಹೈಕೋರ್ಟುಗಳಲ್ಲಿ ಪ್ರಶ್ನಿಸಿದವು. ಆ ಅರ್ಜಿಗಳನ್ನು ಸುಪ್ರೀಂ ಕೋರ್ಟು ಅದೇ ಸೆಪ್ಟೆಂಬರಿನಲ್ಲಿ ತನ್ನ ಬಳಿಗೆ ವರ್ಗಾಯಿಸಿಕೊಂಡಿತು.

ಕೌಶಲ ಎಂಬ ಈ ಮಾತು ನಮ್ಮಲ್ಲಿ ಬಹಳ ದೂರ ಬಂದಿದೆ. ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೊಕದ್ದಮೆಯಲ್ಲಿ 1967ರಲ್ಲೇ ಸುಪ್ರೀಂ ಕೋರ್ಟು ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಹೇಳಿತು. ಆ ವಾಕ್ಯವನ್ನು ಎಲ್ಲ ಕ್ಲಬ್ಬುಗಳೂ ಕಂಠಪಾಠ ಮಾಡಿಕೊಂಡಿವೆ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ: ಪಣದ ಆಟದಿಂದ ಕ್ಲಬ್ಬು ಲಾಭ ಮಾಡಿಕೊಳ್ಳುತ್ತಿದ್ದರೆ ಅದು ಅಪರಾಧವಾಗಬಹುದು. ಇದನ್ನು ಕಂಠಪಾಠ ಮಾಡಿದವರು ಕಡಿಮೆ. ಕೌಶಲವಿರಲಿ, ಒಪ್ಪೋಣ. ಕೌಶಲವಿರುವ ಕಡೆ ಕೌಶಲವಿಲ್ಲದವನೇ ಸೋಲುತ್ತಾನಲ್ಲವೆ? ಹೊಸದಾಗಿ ಆಡುವ ನಮ್ಮ ಹುಡುಗನಿಗೆ ಆ ಮಾತಿನಿಂದ ಯಾವ ರಕ್ಷಣೆ ಸಿಕ್ಕಿತು ಎಂಬುದು ನಮಗೆ ಎಂದೂ ಅರ್ಥವಾಗಿಲ್ಲ. ದುಡಿಮೆಯನ್ನೇ ಪೂಜೆಯೆಂದು ಬಗೆದ ಕಾಯಕದ ಮನೆಯವರಿಗೆ, ಇನ್ನೊಬ್ಬನ ಅಜ್ಞಾನದಿಂದ ಬಂದ ಗಳಿಕೆ ಕೌಶಲದ ಗಳಿಕೆಯೆಂದು ತೋರುವುದು ಕಷ್ಟ.

ಅಮೇರಿಕದ ಅನುಭವ ನಮ್ಮಲ್ಲಿಯೂ ಹಾಗೆಯೇ ಮರುಕಳಿಸುತ್ತದೆಂದು ಹೇಳಲಾಗದು. ಅಲ್ಲಿ ಪೋಕರ್ ಮೇಜು ನೂರಾರು ಮೈಲಿ ದೂರವಿರಬಹುದು. ನಮ್ಮ ಬೆಳಗಾವಿಯವರಿಗೆ ಚೋರ್ಲಾ ಘಾಟಿ ಇಳಿದರೆ ಗೋವೆ. ಅಲ್ಲಿ 1976ರ ಜೂಜು ಕಾಯಿದೆಗೆ 1992ರಲ್ಲಿ ತಂದ ತಿದ್ದುಪಡಿಯಿಂದ ದೊಡ್ಡ ಹೋಟೆಲುಗಳಲ್ಲಿ ಯಂತ್ರದ ಜೂಜಿಗೂ, 1996ರ ತಿದ್ದುಪಡಿಯಿಂದ ಹಡಗುಗಳ ಮೇಲೆ ಮೇಜಿನ ಜೂಜಿಗೂ ಅನುಮತಿ ದೊರೆತಿದೆ. ಪಣಜಿಯ ಮಾಂಡೋವಿ ನದಿಯಲ್ಲಿ ದೀಪ ಹಚ್ಚಿಕೊಂಡು ನಿಂತ ಹಡಗುಗಳನ್ನು ಪ್ರವಾಸಕ್ಕೆ ಹೋದ ಮಕ್ಕಳೂ ಬೆರಳು ಮಾಡಿ ತೋರಿಸುತ್ತವೆ. 2025ರ ಕಾನೂನು ಅವುಗಳನ್ನು ಮುಟ್ಟಿಲ್ಲ. ಬೆಂಗಳೂರಿನಲ್ಲಿ ಪೋಕರ್ ಕೌಶಲದ ಆಟವಾಗಿ ನಡೆಯುವುದಾದರೆ ಪರವಾನಿಗೆ ಬೇಕಿಲ್ಲವೆಂದು 2013ರಲ್ಲಿ ಹೈಕೋರ್ಟು ಹೇಳಿದ ಮೇಲೆ ಕ್ಲಬ್ಬುಗಳೂ ತಲೆಯೆತ್ತಿದ್ದವು. ಹೀಗಾಗಿ ಪಳಗಿದ ಜೂಜುಗಾರನಿಗೆ ಇಲ್ಲಿ ದಾರಿ ಹತ್ತಿರ. ಹೊಸಬನ ಮಟ್ಟಿಗೆ ಮಾತ್ರ ಬಾಗಿಲು ನಿಜವಾಗಿ ಮುಚ್ಚಿದೆಯೆಂದು ನಾವು ನಂಬುತ್ತೇವೆ. ಆ ಕಾರಣಕ್ಕಾಗಿಯೇ ಈ ನಿಷೇಧವನ್ನು ಸ್ವಾಗತಿಸುತ್ತೇವೆ.

ಮನೆಯವರಿಗೆ ಕಾಣಬೇಕಾದದ್ದು ಪಳಗಿದವನೇ. ಬೀಗ ಬಿದ್ದ ತಿಂಗಳು ಅವನು ಸುಮ್ಮನಿರುತ್ತಾನೆ. ಕಳೆದುಕೊಂಡದ್ದನ್ನು ಮರಳಿ ಗೆಲ್ಲುವ ದಾರಿ ಮುಚ್ಚಿತಲ್ಲ ಎಂಬ ಸಂಕಟ ಅವನೊಳಗಿರುತ್ತದೆ. ಸಾಲವೂ ಇರುತ್ತದೆ, ಆಟ ನಿಂತರೂ ಸಾಲಕ್ಕೆ ಬಡ್ಡಿ ನಿಲ್ಲುವುದಿಲ್ಲವಷ್ಟೆ. ಅವನನ್ನು ಕೂರಿಸಿಕೊಂಡು ಯಾರಿಗೆ ಎಷ್ಟು ಕೊಡಬೇಕೆಂಬ ಪಟ್ಟಿಯನ್ನು ಬೈಗುಳವಿಲ್ಲದೆ ಬರೆಸಿಕೊಳ್ಳುವ ಕೆಲಸ ಈಗಲೇ ಆಗಬೇಕು. ಹೊರಗಿನ ನೆರವಿಗೆ ನಾಚಬೇಕಾದುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮೊಬೈಲು, ಅಂತರ್ಜಾಲದ ಗೀಳಿಗೆಂದೇ 2014ರಲ್ಲಿ ಒಂದು ಚಿಕಿತ್ಸಾಲಯ ಆರಂಭವಾಯಿತು. 14416 ಎಂಬ ದೂರವಾಣಿ ಸಂಖ್ಯೆ ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯದು. ಅದಕ್ಕೆ ಕರೆ ಮಾಡಲು ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೂ ಮಾತಾಡಬಹುದು. ಜ್ವರ ಬಂದರೆ ವೈದ್ಯರಲ್ಲಿಗೆ ಹೋಗುವವರು ಇದಕ್ಕೆ ಮಾತ್ರ ಮನೆಯ ಮಾನದ ಪ್ರಶ್ನೆಯೆಂದು ಕದ ಹಾಕಿಕೊಳ್ಳುವುದು ನಮ್ಮಲ್ಲಿ ಹೆಚ್ಚು.

ಇನ್ನು ಬೀದಿಯ ಕೊನೆಯ ಆ ಪೂಲ್ ಅಂಗಡಿ. ಹುಡುಗ ಅಲ್ಲಿಗೆ ಹೋದನೆಂದು ತಿಳಿದ ತಂದೆ ಹೆದರುವುದನ್ನು ನಾವು ಬಲ್ಲೆವು. ಈ ಕುಲದ ಆಟಗಳಿಗೆ ನಮ್ಮ ದೇಶದಲ್ಲಿ ಒಳ್ಳೆಯ ವಂಶಾವಳಿಯೇ ಇದೆ. ಸ್ನೂಕರ್ ಹುಟ್ಟಿದ್ದು 1875ರಲ್ಲಿ ಜಬ್ಬಲ್ಪುರದ ಸೈನಿಕ ಅಧಿಕಾರಿಗಳ ನಡುವೆ. ಅದರ ನಿಯಮಗಳನ್ನು ಬರೆದು ಗೋಡೆಗೆ ಹಾಕಿದ್ದು ಊಟಿಯ ಕ್ಲಬ್ಬಿನಲ್ಲಿ. 1958ರಲ್ಲಿ ವಿಲ್ಸನ್ ಜೋನ್ಸ್ ಬಿಲಿಯರ್ಡ್ಸ್‌ನಲ್ಲಿ ವಿಶ್ವವಿಜೇತರಾದರು. ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿ ಇದೇ ಹಸಿರು ಮೇಜಿನ ಮೇಲೆ ಇಪ್ಪತ್ತಕ್ಕೂ ಹೆಚ್ಚು ವಿಶ್ವ ಪ್ರಶಸ್ತಿಗಳನ್ನು ಗೆದ್ದಿದ್ದಾರೆ. ಮೇಜಿನಲ್ಲಿ ದೋಷವಿಲ್ಲ.

ದೋಷ ನುಸುಳುವ ಜಾಗ ಸಣ್ಣದು. ಅಂಗಡಿಯವನಿಗೆ ಬರುವುದು ಗಂಟೆಯ ಲೆಕ್ಕದ ಬಾಡಿಗೆ. ಸೋತವನು ಬಾಡಿಗೆ ಕೊಡಬೇಕೆಂಬ ಪದ್ಧತಿ ಬಹಳ ಕಡೆ ಇದೆ. ಇದು ಜೂಜೆ? ಕೆಲವರು ನಗುತ್ತಾರೆ, ಅಷ್ಟು ಸಣ್ಣದಕ್ಕೆ ಆ ದೊಡ್ಡ ಹೆಸರೇಕೆ ಎಂದು. ನಮಗೆ ಹಾಗೆನಿಸುವುದಿಲ್ಲ. ಬಾಡಿಗೆಯ ಮೇಲೆ ತಿಂಡಿ, ತಿಂಡಿಯ ಮೇಲೆ ನೂರು ರೂಪಾಯಿ, ಹೀಗೆ ಏರುವ ಏಣಿಯ ಮೊದಲ ಮೆಟ್ಟಿಲು ಅದೇ. ಅಡುಗೆಮನೆಯ ಉಪ್ಪಿನಂತೆ ಬೇಕಾದಷ್ಟೇ ಇರುವ ಸೋಲು ಗೆಲುವು ಆಟಕ್ಕೆ ಸಾಕು. ನಾಲ್ಕು ಮಂದಿ ಆಡಿದರೆ ಬಾಡಿಗೆಯನ್ನು ನಾಲ್ಕು ಪಾಲು ಮಾಡಿ ಕೊಡುವುದೆಂದು ಹುಡುಗರೇ ಮೊದಲು ಗೊತ್ತುಮಾಡಿಕೊಳ್ಳಲಿ. ತಂದೆಯಾದವನು ಒಂದು ಸಂಜೆ ತಾನೂ ಜೊತೆಗೆ ಹೋಗಿ, ಗೋಡೆಯ ಬದಿಯ ಬೆಂಚಿನ ಮೇಲೆ ಅರ್ಧ ಗಂಟೆ ಕುಳಿತು, ಆಟ ಮುಗಿದಾಗ ಯಾರ ಕೈಯಿಂದ ಯಾರ ಕೈಗೆ ಏನು ಹೋಗುತ್ತದೆಂದು ನೋಡಿ ಬರಲಿ.